ಮಣದ ಕಲ್ಲು ಮತ್ತು ಗಾಜಿನ ಪೆಟ್ಟಿಗೆ

ಅಣ್ಣಿಗೇರಿಯ ಹಳೆ ಪೇಟೆಯಲ್ಲಿ ಅರಳೆ ಸಾವಕಾರರ ವಾಡೆ ಎಂಬ ವಸ್ತುಸಂಗ್ರಹಾಲಯವಿದೆ. ಅದರ ಬಾಗಿಲ ಬದಿಯ ಖುರ್ಚಿಯಲ್ಲಿ ನನ್ನ ನೌಕರಿಯೆಲ್ಲ ಕಳೆಯಿತು. ಈಗ ಆ ಖುರ್ಚಿಗೆ ಹೊಸಬರು ಬಂದಿದ್ದಾರೆ. ಮೊನ್ನೆ ಅವರು ಮನೆತನಕ ಬಂದು, "ಕೆಲಸ ಹ್ಯಾಂಗ ಮಾಡಬೇಕಂತ ಒಂದೀಟು ಬರದು ಕೊಡ್ರಿ" ಎಂದರು. ಸರಕಾರ ಅವರಿಗೆ ಒಂದು ಕೈಪಿಡಿ ಕೊಟ್ಟಿದೆ. ಬೆಂಕಿ ಬಿದ್ದರೆ ಏನು ಮಾಡಬೇಕು, ಭೂಕಂಪವಾದರೆ ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಅದರಲ್ಲಿದೆ. ಜನ ಬಂದರೆ ಏನು ಮಾಡಬೇಕು ಎಂಬುದು ಮಾತ್ರ ಇಲ್ಲ. ನನ್ನ ಕಾಲದಲ್ಲಿ ವಾಡೆಗೆ ಬೆಂಕಿ ಬರಲಿಲ್ಲ, ಭೂಕಂಪ ಬರಲಿಲ್ಲ, ಜನ ಬಂದರು. ಆದ್ದರಿಂದ ಬಿಟ್ಟುಹೋದ ಆ ಅಧ್ಯಾಯವನ್ನು ನಾನೇ ಬರೆಯುತ್ತಿದ್ದೇನೆ.

ವಾಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಫಲಕದಲ್ಲಿ ಎಲ್ಲ ಬರೆದಿದೆ. ಆನೆ ಬರುವಷ್ಟು ಎತ್ತರದ ತಲೆಬಾಗಿಲು (ಆನೆ ಎಂದೂ ಬಂದಿಲ್ಲ), ಒಳಗೆ ಕಲ್ಲುಹಾಸಿನ ಅಂಗಳ, ಅಂಗಳದ ಆಚೆ ದಪ್ಪ ಸಾಗವಾನಿ ಕಂಬಗಳ ಪಡಸಾಲೆ, ಅದರ ಹಿಂದೆ ಅರಳೆ ತುಂಬುವ ಕೋಣೆಗಳು, ಕೊನೆಗೆ ಅಡುಗೆಮನೆ. ಒಂದು ಕಾಲಕ್ಕೆ ಸುತ್ತಲಿನ ಎರೆಹೊಲಗಳ ಅರಳೆಯೆಲ್ಲ ಚಕ್ಕಡಿಯಲ್ಲಿ ಈ ಅಂಗಳಕ್ಕೆ ಬಂದು, ತೂಗಿಸಿಕೊಂಡು, ಮುಂದೆ ಹುಬ್ಬಳ್ಳಿಗೆ ಹೋಗುತ್ತಿತ್ತು. ಸಾವಕಾರರ ಮನೆತನದ ಕೊನೆಯವರು ಮನೆಯನ್ನು ಸರಕಾರಕ್ಕೆ ಒಪ್ಪಿಸಿದರು. ಸರಕಾರ ಅದನ್ನು ನನಗೆ ಒಪ್ಪಿಸಿತು. ಕಾಗದದ ಮೇಲೆ ನಾನು ಮಾರ್ಗದರ್ಶಿ. ಆದರೆ ಊರಿನವರು ಮೊದಲ ವಾರದಿಂದಲೇ ನನ್ನನ್ನು 'ವಾಡೆದ ಕಾಕಾ' ಎಂದು ಕರೆದರು. ನನಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಭಾಷಣದ ಹುಚ್ಚು ಬಹಳ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿಕೊಂಡಿದ್ದೆ. ಕುಬಿಹಾಳದ ಕಡೆಯಿಂದ ಬಂದ ಒಂದು ಕುಟುಂಬ ನನ್ನ ಮೊದಲ ಶ್ರೋತೃವರ್ಗ. ಕಂಬದ ಬದಿಗೆ ನಿಂತು, ಕಣ್ಣು ಅರ್ಧ ಮುಚ್ಚಿ, "ಈ ಭವ್ಯ ಸೌಧವು ವಾಣಿಜ್ಯವೈಭವದ ಮೂಕಸಾಕ್ಷಿಯಾಗಿ ವಿರಾಜಮಾನವಾಗಿದ್ದು" ಎಂದು ರಾಗವಾಗಿ ಶುರುಮಾಡಿದೆ. ಅವರು ಕೈಮುಗಿದು, ಮಿಸುಕದೆ, ಕೊನೆಯ ತನಕ ಕೇಳಿದರು. ನನಗೆ ಎದೆಯುಬ್ಬಿ ಬಂತು. ಮುಗಿದ ಮೇಲೆ ಮನೆಯ ಯಜಮಾನ ಮುಂದೆ ಬಂದು ಬಲಗೈ ಚಾಚಿ, ಅಂಗೈ ಬಾಗಿಸಿ ನಿಂತ. ಅವನ ಹಿಂದೆ ಹೆಂಡತಿ, ಅವಳ ಹಿಂದೆ ಮಕ್ಕಳು, ಎಲ್ಲರ ಅಂಗೈಯೂ ಹಾಗೆಯೇ. ತೀರ್ಥಕ್ಕೆ ಕಾಯುತ್ತಿದ್ದರು. ನಾನು ಮಂತ್ರ ಹೇಳಿದೆನೆಂದು ಅವರು ತಿಳಿದದ್ದರಲ್ಲಿ ಅವರ ತಪ್ಪಿರಲಿಲ್ಲ. ಒಳಗೆ ಹೋಗಿ ತಂಬಿಗೆ ತಂದು ಎಲ್ಲರಿಗೂ ನೀರು ಹಾಕಿದೆ. ಅಂದಿನಿಂದ ಭಾಷಣ ಬಿಟ್ಟೆ, ನೀರು ಉಳಿಸಿಕೊಂಡೆ. ಬಂದವರಿಗೆ ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು. ಇದು ಕೈಪಿಡಿಯಲ್ಲಿಲ್ಲ, ಆದರೂ ನಿಲ್ಲಿಸಬೇಡಿ. ಕಾರಣ ಸರಳ. ನಮ್ಮ ಕಡೆಯ ಜನ ವಸ್ತುಸಂಗ್ರಹಾಲಯ ನೋಡಲು ಬರುವುದಿಲ್ಲ, ಮನೆಗೆ ಬರುತ್ತಾರೆ. ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಾರೆ. "ಮನ್ಯಾಗ ಯಾರದೀರಿ?" ಎಂದು ಕೂಗಿ, ಉತ್ತರ ಬರುವ ತನಕ ನಿಲ್ಲುತ್ತಾರೆ. ಟಿಕೀಟು ಹರಿದು ಕೊಟ್ಟರೂ ಉತ್ತರ ಸಿಗದೆ ಒಳಗೆ ಬರುವುದಿಲ್ಲ. ನಾನು "ಬರ್ರಿ, ಬರ್ರಿ, ನಾವಽ ಅದೇವಿ" ಎನ್ನುತ್ತಿದ್ದೆ. ಸರಕಾರದ ಪರವಾಗಿ.

ಮೇಲಧಿಕಾರಿಗಳು ಬರುತ್ತಿದ್ದರು, ಹೋಗುತ್ತಿದ್ದರು. ಪ್ರತಿಯೊಬ್ಬರೂ ವಾಡೆಗೆ ಏನಾದರೊಂದು ಸುಧಾರಣೆ ಮಾಡಿಯೇ ಹೋದರು. ಒಬ್ಬರು ಪಡಸಾಲೆಯಲ್ಲಿ ಸಾವಕಾರರದೊಂದು ಪ್ಲಾಸ್ಟರ್ ಮೂರ್ತಿ ಕೂರಿಸಿದರು. ರುಮಾಲು, ಕೋಟು, ಲೋಡಿಗೆ ಒರಗಿದ ಭಂಗಿ, ಎಲ್ಲ ತದ್ವತ್ತು. ಒಂದು ಮಧ್ಯಾಹ್ನ ಶಲವಡಿಯ ರೈತನೊಬ್ಬ ಉರಿಬಿಸಿಲಿನಿಂದ ಸೀದಾ ಒಳಗೆ ಬಂದ. ಹೊರಗಿನ ಬೆಳಕಿನಿಂದ ಒಳಗಿನ ಕತ್ತಲೆಗೆ ಬಂದ ಕಣ್ಣಿಗೆ ಮನುಷ್ಯ ಯಾವುದು, ಮೂರ್ತಿ ಯಾವುದು ತಿಳಿಯುವುದಿಲ್ಲ. ಮೂರ್ತಿಗೆ ನಮಸ್ಕಾರ ಮಾಡಿ, ಎದುರಿಗೆ ಕೂತು, ತಲೆಯ ಪಟಕಾ ಬಿಚ್ಚಿ ಬೆವರು ಒರೆಸಿಕೊಂಡು, "ಈ ಸಲ ಹತ್ತಿ ದರಾ ಏನ್ ಮಾಡೀರಿ?" ಎಂದು ಕೇಳಿದ. ಉತ್ತರ ಬರಲಿಲ್ಲ. ಗೌರವದಿಂದ ಸ್ವಲ್ಪ ಹೊತ್ತು ಕಾದ. ಮತ್ತೆ ಕೇಳಿದ. ಆಮೇಲೆ ಎದ್ದು ನನ್ನ ಹತ್ತಿರ ಬಂದು ಕಿವಿಯಲ್ಲಿ, "ಸಾವಕಾರ್ರಿಗೆ ಸೊಕ್ಕ ಬಂದೈತಿ, ಕಾಕಾ" ಎಂದ.

"ಅದು ಗೊಂಬಿ ಐತೋ ಮಾರಾಯ" ಎಂದೆ.

ಅವನು ತಿರುಗಿ, ಕಣ್ಣು ಕಿರಿದು ಮಾಡಿ ನೋಡಿದ. "ಗೊಂಬಿ ಆದ್ರೇನು, ನಮಸ್ಕಾರಕ್ಕ ನಮಸ್ಕಾರ ಬ್ಯಾಡೇನು?" ಎಂದು ಹೊರಟುಹೋದ. ಮುಂದಿನ ತಪಾಸಣೆಯಲ್ಲಿ ನಾನು ಮೂರ್ತಿಯ ಎರಡು ಕೈಗಳನ್ನು ಮುಗಿದಂತೆ ಮಾಡಿಸಲು ಶಿಫಾರಸು ಮಾಡಿದೆ. ಅದು ನನ್ನ ಸೇವಾವಧಿಯಲ್ಲಿ ತಕ್ಷಣ ಮಂಜೂರಾದ ಏಕೈಕ ಶಿಫಾರಸು.

ಇನ್ನೊಬ್ಬರು ಕಿವಿಗೆ ಹಾಕಿಕೊಳ್ಳುವ ಯಂತ್ರ ತಂದರು. ಅದನ್ನು ಹಾಕಿಕೊಂಡು ಒತ್ತಿದರೆ ಒಬ್ಬ ಹೆಣ್ಣುಮಗಳ ಮಧುರವಾದ ಧ್ವನಿ ವಾಡೆಯ ಕಥೆ ಹೇಳುತ್ತದೆ; ಮಾರ್ಗದರ್ಶಿ ಬೇಕಿಲ್ಲ. ನನಗೆ ಮನಸ್ಸಿನಲ್ಲೇ ಸ್ವಲ್ಪ ಹೊಟ್ಟೆಕಿಚ್ಚು. ಕಲಘಟಗಿಯಿಂದ ಬಸ್ಸು ಮಾಡಿಕೊಂಡು ಬಂದ ಮಹಿಳಾ ಸಂಘದವರ ಮೇಲೆ ಮೊದಲ ಪ್ರಯೋಗವಾಯಿತು. ನಮ್ಮ ಹೆಣ್ಣುಮಕ್ಕಳ ಲೆಕ್ಕದಲ್ಲಿ, ಕಥೆ ಕೇಳುವಾಗ 'ಹೂಂ' ಎನ್ನದಿದ್ದರೆ ಹೇಳುವವರಿಗೆ ಅವಮಾನ. ಯಂತ್ರದಲ್ಲಿದ್ದಾಕೆಗೂ ಆ ಮರ್ಯಾದೆ ಸಲ್ಲಲೇಬೇಕಲ್ಲ. ಬಸ್ಸಿನ ತುಂಬ ಬಂದಿದ್ದವರು ಪಡಸಾಲೆಯಲ್ಲಿ ಅಲ್ಲಲ್ಲಿ ನಿಂತು, ಒಬ್ಬೊಬ್ಬರು ಒಂದೊಂದು ಸಮಯಕ್ಕೆ "ಹೂಂ", "ಹೌದೇನಽ?", "ಅಯ್ಯ ಪಾಪ", "ಹೂಂ" ಎನ್ನತೊಡಗಿದರು. ಒಬ್ಬ ಅಜ್ಜಿಯಂತೂ ಯಂತ್ರಕ್ಕೆ, "ಸಾವಕಾಶ ಹೇಳಬೇ ನನ್ನವ್ವಾ, ಯಾರೂ ಕಸಗೊಳ್ಳಂಗಿಲ್ಲ" ಎಂದಳು. ಮುಗಿದ ಮೇಲೆ ಆಕೆಗೆ ಬೇಕಾದದ್ದು ಒಂದೇ ಮಾಹಿತಿ: "ಇಷ್ಟ ಛಂದ ಹೇಳಿದ್ಲಲ್ಲ, ಆಕೀ ಗಂಡನ ಮನಿ ಯಾವೂರ್ರಿ?"

ಇವೆಲ್ಲ ನಗುವ ಮಾತು. ನಾನು ಎದೆ ಎತ್ತಿ ಹೇಳಿಕೊಳ್ಳುವ ಮಾತು ಬೇರೆ ಇದೆ. ಅದು ಒಂದು ಕಲ್ಲಿನದು.

ಪಡಸಾಲೆಯ ನಡುಗಂಬದ ಬುಡದಲ್ಲಿ ಒಂದು ಕರಿಯ ಕಲ್ಲಿದೆ, ನೆತ್ತಿಯಲ್ಲಿ ಎತ್ತಲು ಕಬ್ಬಿಣದ ಬಳೆ. ಅರಳೆ ತೂಗುತ್ತಿದ್ದ ದೊಡ್ಡ ತಕ್ಕಡಿಯಲ್ಲಿ ಒಂದು ಕಡೆ ಅರಳೆ, ಇನ್ನೊಂದು ಕಡೆ ಈ ಮಣದ ಕಲ್ಲು. ತೂಕದಲ್ಲಿ ಮೋಸವಾಯಿತೆಂದು ಜಗಳ ಬಂದರೆ ರೈತನೂ ಸಾವಕಾರರೂ ಇದರ ಮೇಲೆ ಕೈಯಿಟ್ಟು ತಮ್ಮ ಮಾತು ಹೇಳಬೇಕಿತ್ತಂತೆ. ಅರಳೆ ವ್ಯಾಪಾರ ಹೋಯಿತು, ಸಾವಕಾರರು ಹೋದರು, ತಕ್ಕಡಿಯ ಹಗ್ಗ ಇಲಿ ತಿಂದವು. ಆಣೆ ಮಾತ್ರ ಉಳಿಯಿತು. ಸುತ್ತಲಿನ ಹಳ್ಳಿಗಳಲ್ಲಿ ಮಾತು ಬಹಳ ಬೆಳೆದರೆ ಇಂದಿಗೂ ಯಾರಾದರೂ ಒಬ್ಬರು, "ಹಂಗಾರ ಕಲ್ಲ ಮುಟ್ಟು ನಡಿ" ಎನ್ನುತ್ತಾರೆ. ಅದಕ್ಕೊಂದು ಪದ್ಧತಿಯಿದೆ: ಆರೋಪ ಹೊರಿಸಿದವರು ಮೊದಲು ಮುಟ್ಟಿ ಹೇಳಬೇಕು, ಹೊತ್ತವರು ಆಮೇಲೆ. ಸುಳ್ಳು ಹೇಳಿ ಮುಟ್ಟಿದರೆ ಏನಾಗುತ್ತದೆ ಎಂದು ನಾನು ಒಬ್ಬ ಹಿರಿಯರನ್ನು ಕೇಳಿದ್ದೆ. ಅವರು ಬಹಳ ಯೋಚನೆ ಮಾಡಿ, "ಯಾರಿಗ್ಗೊತ್ತು? ಇನ್ನೂತನಾ ಯಾರೂ ಹಂಗ ಮುಟ್ಟಿಲ್ಲಲಾ" ಎಂದರು.

ಅದೇ ಕಂಬಕ್ಕೆ, ಕಲ್ಲಿನ ನೇರ ಮೇಲೆ, 'ವಸ್ತುಗಳನ್ನು ಮುಟ್ಟಬೇಡಿ' ಎಂಬ ಫಲಕ. ಅದರ ಕೆಳಗೆ ಜನ ಕಲ್ಲು ಮುಟ್ಟಿ ಮುಟ್ಟಿ ಅದರ ಒಂದು ಬದಿ ಕನ್ನಡಿಯಂತೆ ಹೊಳೆಯುತ್ತಿತ್ತು. ಇಂಥ ಸಂದರ್ಭಗಳಿಗೆ ನಾನೊಂದು ಕಾರ್ಯವಿಧಾನ ಕಂಡುಕೊಂಡಿದ್ದೆ. ಆಣೆಯವರು ಬಂದರೆಂದು ತಿಳಿದ ಕೂಡಲೇ ನನಗೆ ಹಿತ್ತಲಲ್ಲಿ ತುರ್ತು ಕೆಲಸ ನೆನಪಾಗುತ್ತಿತ್ತು. ಹಿತ್ತಲಲ್ಲಿ ಒಂದು ಬೇವಿನ ಮರ ಬಿಟ್ಟರೆ ಏನೂ ಇರಲಿಲ್ಲ. ಆ ಮರದ ಮೇಲೆ ಅಷ್ಟು ನಿಗಾ ಇಟ್ಟ ಸರಕಾರಿ ನೌಕರ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ.

ಆದರೆ ಬರೀ ಮುಟ್ಟಿ ಹೋಗಿದ್ದರೆ ಆಗುತ್ತಿತ್ತು. ಜನ ಕುಂಕುಮ ಹಚ್ಚಿದರು, ಎಣ್ಣೆ ಸುರಿದರು. ಒಂದು ಸಲ ಯಾರೋ ಉತ್ಸಾಹಿಗಳು ಆ ಕಲ್ಲಿಗೇ ತೆಂಗಿನಕಾಯಿ ಒಡೆದರು, ಕಲ್ಲಿನ ಅಂಚು ಚಕ್ಕೆ ಎದ್ದಿತು. ಮಾಡಿನಿಂದ ನೀರು ಸೋರಿದಾಗ ನಾನು ಮೈಮೇಲಿನ ಅಂಗಿ ಬಿಚ್ಚಿ ಮುಚ್ಚಿದ್ದ ಕಲ್ಲು ಅದು. ಮೇಲಿನವರಿಗೆ ಬರೆದೆ: ಇದಕ್ಕೊಂದು ಗಾಜಿನ ಪೆಟ್ಟಿಗೆ ಮಾಡಿಸಿಕೊಡಿ. ಬರೆಯುತ್ತಲೇ ಇದ್ದೆ. ಸಾಹೇಬರು ಬದಲಾದರು, ನನ್ನ ಅರ್ಜಿ ಬದಲಾಗಲಿಲ್ಲ.

ಕೊನೆಗೆ ಮೈಸೂರು ಕಡೆಯ ಸಾಹೇಬರೊಬ್ಬರು ಬಂದರು. ಮೆಲುಮಾತಿನ ಮನುಷ್ಯ. ಅಡುಗೆಮನೆಯ ಲಟ್ಟಣಿಗೆ ಎತ್ತಬೇಕಾದರೂ ಕೈಗೆ ಬಿಳಿ ಗವಸು ಹಾಕಿಕೊಂಡು, ಹುಟ್ಟಿದ ಕೂಸನ್ನು ಎತ್ತುವ ಹಾಗೆ ಎತ್ತುತ್ತಿದ್ದರು. ನನಗೆ ಅವರ ಮೇಲೆ ಆಗ ಗೌರವವಿತ್ತು, ಈಗಲೂ ಇದೆ. ಚಕ್ಕೆ ಎದ್ದ ಜಾಗವನ್ನು ಅವರು ಗವಸಿನ ಬೆರಳಿನಿಂದ ಸವರಿ ನೋಡಿದರು. ಆಮೇಲೆ ಪೆಟ್ಟಿಗೆ ಬಂತು. ದಪ್ಪ ಗಾಜು, ಹಿತ್ತಾಳೆಯ ಚೌಕಟ್ಟು, ಸಣ್ಣದೊಂದು ಬೀಗ, ಒಳಗೊಂದು ದೀಪ. ಕೀಲಿ ಸಾಹೇಬರ ಜೇಬಿನಲ್ಲಿ. ಆ ಪೆಟ್ಟಿಗೆಯೊಳಗೆ ಕಲ್ಲು ಮದುವೆ ಮುಗಿಸಿ ಹಸೆಯ ಮೇಲೆ ಕೂತ ಮದುಮಗನಂತೆ ಕಂಡಿತು. ಬೆಳಿಗ್ಗೆ ಸಾಹೇಬರು ರಿಬ್ಬನ್ ಕತ್ತರಿಸಿದರು, ಇಡೀ ಸಿಬ್ಬಂದಿ ಚಪ್ಪಾಳೆ ತಟ್ಟಿತು. ಇಡೀ ಸಿಬ್ಬಂದಿ ಎಂದರೆ ನಾನು.

ಆಮೇಲೆ ಸಾಹೇಬರೂ ನಾನೂ ಪಡಸಾಲೆಯ ಕಟ್ಟೆಯ ಮೇಲೆ ಕೂತು ಮಿರ್ಚಿಭಜಿ ತಿನ್ನುತ್ತಿದ್ದೆವು. ತಲೆಬಾಗಿಲ ಹೊರಗೆ ಟೆಂಪೋ ನಿಂತ ಸದ್ದು. "ಮನ್ಯಾಗ ಯಾರದೀರಿ?"

ಬಂದವರು ಒಂದು ಓಣಿಯ ಅರ್ಧ ಜನ. ಊರಿನ ಹೆಸರು ಹೇಳುವುದಿಲ್ಲ; ಅವರೆಲ್ಲ ಈಗಲೂ ಒಂದೇ ಓಣಿಯಲ್ಲಿ ಇರಬೇಕಾದವರು. ಮುಂದೆ ಒಬ್ಬ ನಡುವಯಸ್ಸಿನ ಹೆಂಗಸು, ಸೆರಗು ಸೊಂಟಕ್ಕೆ ಬಿಗಿದಿದ್ದಳು. ಅವಳ ಹೆಸರು ಗಂಗವ್ವ, ತನ್ನೂರಿನ ಶಾಲೆಯಲ್ಲಿ ಮಕ್ಕಳ ಮಧ್ಯಾಹ್ನದ ಅಡುಗೆ ಮಾಡುವಾಕೆ. ಅವಳಿಂದ ಮಾರು ದೂರ ಬಿಟ್ಟು ಮಲ್ಲೇಶಿ ಎಂಬವ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ನಡುವೆ ಕೋಲೂರಿಕೊಂಡು ಓಣಿಯ ಹಿರಿಯ ಫಕೀರಪ್ಪಜ್ಜ. ಟಿಕೀಟಿನ ಹತ್ತಿರ ಮೊದಲ ತಕರಾರು. ಮಲ್ಲೇಶಿ ದೊಡ್ಡ ಮನಸ್ಸು ಮಾಡಿ, "ಎಲ್ಲಾರದೂ ನಾನಽ ತಗೀತೇನ್ರಿ" ಎಂದ.

"ನನ್ನ ಆಣೀಗೆ ನಿನ್ನ ತಿಕೀಟ ಬ್ಯಾಡ" ಎಂದಳು ಗಂಗವ್ವ. ತನ್ನದು ತಾನೇ ಕೊಂಡಳು.

ಅಜ್ಜ ನನ್ನನ್ನು ಬದಿಗೆ ಕರೆದು ವಿಷಯ ಹೇಳಿದರು. ಶಾಲೆಯ ತೊಗರಿಬೇಳೆಯನ್ನು ಗಂಗವ್ವ ದಿನಾ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯುತ್ತಾಳೆ, ಅದನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂದು ಮಲ್ಲೇಶಿ ಊರ ತುಂಬ ಹೇಳಿದ್ದಾನೆ. ಮರುದಿನ ಬೆಳಿಗ್ಗೆ ಶಾಲೆಯ ಸಮಿತಿ ಕೂಡುತ್ತದೆ. ಅಷ್ಟರೊಳಗೆ ಮಾತು ಇತ್ಯರ್ಥವಾಗದಿದ್ದರೆ ಅವಳನ್ನು ಬಿಡಿಸಿ ಬೇರೆಯವಳನ್ನು ಇಡುತ್ತಾರೆ. "ಕೆಲಸ ಹೋದ್ರ ಹೊಲದಾಗ ಕಳೇನರ ತಗೀತಾಳ್ರಿ" ಎಂದರು ಅಜ್ಜ. "ಆದ್ರ ಕೂಸುಗಳ ಬಾಯಾಗಿಂದ ಕಸಗೊಂಡಾಕಿ ಅಂತ ಹೆಸರ ಬಂದ್ರ, ಆ ಓಣ್ಯಾಗ ಹ್ಯಾಂಗ ಬಾಳೇವು ಮಾಡ್ಯಾಳು?"

ನನಗೆ ಬೇವಿನ ಮರ ನೆನಪಾಯಿತು. ಆದರೆ ಸಾಹೇಬರು ಕೈಯಲ್ಲಿ ಭಜಿ ಹಿಡಿದು ನನ್ನನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಜನ ಪಡಸಾಲೆ ಹೊಕ್ಕು ಪೆಟ್ಟಿಗೆ ಕಂಡು ನಿಂತುಬಿಟ್ಟಿದ್ದರು. "ಏನ್ ಮಾಡೀರೋ ಕಾಕಾ? ಕಲ್ಲ ಎಲ್ಲಿ ಓಡಿ ಹೊಕ್ಕಿತ್ತಂತ ಕೂಡಿ ಹಾಕೀರಿ?" ಎಂದು ಒಬ್ಬ ಹಿಂದಿನಿಂದ ಕೇಳಿದ. ಮಲ್ಲೇಶಿಗೆ ಮಾತ್ರ ಪೆಟ್ಟಿಗೆ ಬಹಳ ಹಿಡಿಸಿತು. ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, "ಅಗದಿ ಛಂದ ಆಗೈತಿ" ಎಂದ. "ಇದರ ಮ್ಯಾಲಽ ಕೈ ಇಟ್ಟ್ರೂ ನಡೀತೈತಿ. ಒಳಗ ಕಲ್ಲ ಐತೆಲ್ಲ." ಹೇಳಿದವನೇ ಎರಡೂ ಅಂಗೈಗಳನ್ನು ಗಾಜಿನ ಮೇಲೆ ಅಗಲವಾಗಿ ಊರಿ, ಬಸ್ ಸ್ಟ್ಯಾಂಡಿನಲ್ಲಿ ಊರು ಕೂಗುವವನ ಧ್ವನಿಯಲ್ಲಿ ಹೇಳಿದ: "ಈಕಿ ಸೆರಗಿನ್ಯಾಗ ಬ್ಯಾಳಿ ಒಯ್ಯೂದು ನಾ ನನ್ನ ಈ ಎರಡೂ ಕಣ್ಣಿಲೆ ನೋಡೇನಿ. ಖರೇ! ಖರೇ! ಖರೇ!"

ಬೆಳಿಗ್ಗೆ ನಾನು ಒರೆಸಿ ಥಳಥಳ ಮಾಡಿದ್ದ ಗಾಜಿನ ಮೇಲೆ ಎರಡು ಅಂಗೈ ಮೂಡಿದವು. ಸಾಹೇಬರ ಮುಖ ಸಣ್ಣದಾಯಿತು.

"ಈಗ ನೀ ಮುಟ್ಟು" ಎಂದ ಮಲ್ಲೇಶಿ.

ಗಂಗವ್ವ ಅಲ್ಲಾಡಲಿಲ್ಲ. "ನಾ ಕಾಜ ಮುಟ್ಟಾಕ ಬಂದಿಲ್ಲ. ಕಾಜಿನ ಮ್ಯಾಲ ಮಾತಾಡಿದ್ರ ಕಾಜಿಗೆ ಕೇಳ್ತೈತಿ, ಕಲ್ಲಿಗಲ್ಲ."

"ನೆವ ನೋಡ್ರಿ ಈಕೀದು! ಹೆದರಿದ್ಲು!"

"ಹೆದರಿದಾಕಿ ಟೆಂಪೋ ಹತ್ತತಿದ್ಲೇನೋ? ಇವತ್ತ ಕಾಜ ಮುಟ್ಟಿ ಹೋದ್ರ, ನಾಳೆ ನೀನಽ ಅಂತೀ, ಗಂಗಿ ಕಾಜಿನ ಆಣಿ ಮಾಡಿದ್ಲು ಅಂತ. ಸಾಯೂತನಾ ಕೇಳಬೇಕ ನಾ ಅದನ್ನ. ನಿಮ್ಮ ನಾದಿನಿಗೆ ಅಡಗೀ ಕೆಲಸ ಬೇಕಂದ್ರ ಸೀದಾ ಕೇಳಬೇಕಿತ್ತಪಾ, ನನ್ನ ಸೆರಗಿಗೆ ಯಾಕ ಕೈ ಹಾಕ್ತಿ?"

ಜನ 'ಓಹೋ' ಎಂದರು. ಸಾಹೇಬರು ಎದ್ದು ಬಂದರು. ಕೈಯೊರೆಸಿಕೊಂಡು, ತಮ್ಮ ಮೆಲುದನಿಯಲ್ಲಿ, "ನೋಡಿ ಅಮ್ಮ, ಇದು ಬಹಳ ಹಳೆಯದು. ಕೈಯ ಬೆವರು, ಎಣ್ಣೆ ಎಲ್ಲ ತಾಗಿ ಹಾಳಾಗುತ್ತಿದೆ. ಇದು ಈಗ ಪ್ರದರ್ಶನದ ವಸ್ತು" ಎಂದರು.

"ಹೌದ್ರಿ ಸಾಹೇಬ್ರ" ಎಂದಳು ಗಂಗವ್ವ. "ನಾನೂ ಈಗ ಪ್ರದರ್ಶನದ ವಸ್ತುನಽ ಆಗೇನ್ರಿ. ನೋಡ್ರಿ, ಇಡೀ ಓಣಿ ತಿಕೀಟ ತಗೊಂಡು ನಿಂತೈತಿ. ನನಗ ಮುಚ್ಚಾಕ ಒಂದು ಪೆಟಗಿ ಕೊಡ್ರಿ, ನಾ ಇದನ್ನ ಮುಟ್ಟಂಗಿಲ್ಲ."

ಯಾರೂ ನಗಲಿಲ್ಲ. ಅವಳ ಧ್ವನಿ ಗಟ್ಟಿಯಾಗಿಯೇ ಇತ್ತು, ಸೊಂಟಕ್ಕೆ ಬಿಗಿದ ಸೆರಗಿನ ತುದಿಯನ್ನು ಮಾತ್ರ ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಸಾಹೇಬರು ಅದನ್ನು ನೋಡಿದರೆಂದು ನನಗೆ ಗೊತ್ತು. ವಸ್ತುಗಳನ್ನು ನೋಡುವ ಕಣ್ಣು ಅವರದು.

ನಾನು ವಿಚಿತ್ರ ಸ್ಥಾನದಲ್ಲಿದ್ದೆ. ಪೆಟ್ಟಿಗೆ ಕೇಳಿದವನು ನಾನು, ಅರ್ಜಿಯ ಮೇಲೆ ಅರ್ಜಿ ಬರೆದವನು ನಾನು, ಬೆಳಿಗ್ಗೆ ಚಪ್ಪಾಳೆ ತಟ್ಟಿದವನು ನಾನು. ಅದೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೇಳಿದೆ: "ಸಾಹೇಬ್ರ, ಕಲ್ಲ ಇಷ್ಟ ದಿನ ತಡದೈತ್ರಿ, ಇನ್ನೊಂದು ಕೈ ತಡೀತೈತಿ. ಈಕೀಗೆ ನಾಳೆ ಬೆಳಗಿನತನಾ ಅಷ್ಟ ಟೈಮ್ ಐತ್ರಿ."

ಸಾಹೇಬರು ನನ್ನನ್ನು ನೋಡಿದರು, ಕಲ್ಲನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಸರಕಾರದ ದೊಡ್ಡ ನಿರ್ಣಯಗಳೆಲ್ಲ ಕನ್ನಡಕ ಒರೆಸುವಾಗಲೇ ಆಗುತ್ತವೆಂಬುದು ನನ್ನ ಅನುಭವ. ಜೇಬಿಗೆ ಕೈ ಹಾಕಿ ಕೀಲಿ ತೆಗೆದರು. "ಇಬ್ಬರೂ ಕೈ ತೊಳೆದುಕೊಂಡು ಬರಲಿ. ಸೋಪು ಹಚ್ಚಿ" ಎಂದರು.

ಅಂಗಳದ ನಲ್ಲಿಯಲ್ಲಿ ಮೊದಲು ಗಂಗವ್ವ ತೊಳೆದಳು. ಎರಡು ಉಜ್ಜು, ಒಂದು ಜಾಡಿಸು, ಮುಗಿಯಿತು. ಆಮೇಲೆ ಮಲ್ಲೇಶಿ. ಅಷ್ಟು ಶ್ರದ್ಧೆಯಿಂದ ಕೈ ತೊಳೆದ ಮನುಷ್ಯನನ್ನು ನಾನು ಕಂಡಿಲ್ಲ. ಬೆರಳುಗಳ ಸಂದಿ ತೊಳೆದ, ಉಗುರು ತೊಳೆದ, ಮೊಣಕೈ ತನಕ ತೊಳೆದ. ಅವನು ಅಂಗಳ ದಾಟಿ ಒಳಗೆ ಬರುವಷ್ಟರಲ್ಲಿ ಸಾಹೇಬರೂ ನಾನೂ ಗಾಜಿನ ಮುಚ್ಚಳ ಎತ್ತಿ ಗೋಡೆಗೆ ಆನಿಸಿದ್ದೆವು. ಕಲ್ಲು ಬಯಲಿಗೆ ಬಂದಿತ್ತು.

"ಬಾರಪಾ ಮಲ್ಲೇಶಿ" ಎಂದರು ಫಕೀರಪ್ಪಜ್ಜ. "ಮೊದಲ ಹೇಳಿದಾಂವ ನೀ. ಮುಟ್ಟು. ಆಗ ಅಂದ ಮಾತನ್ನಽ ಅನ್ನು."

ಮಲ್ಲೇಶಿ ಕಲ್ಲಿನ ಎದುರು ಬಂದು ನಿಂತ. ಒದ್ದೆ ಕೈಯನ್ನು ಇಸ್ತ್ರಿ ಅಂಗಿಗೆ ಒರೆಸಿದ. ಮತ್ತೆ ಒರೆಸಿದ. "ಅಜ್ಜಾ, ಕಣ್ಣಾರೆ ಅಂದ್ರ... ಸೆರಗಿನ್ಯಾಗ ಗಂಟ ಇದ್ದದ್ದು ನೋಡೇನಿ."

"ಗಂಟಿನ್ಯಾಗ ಬ್ಯಾಳಿ ಇದ್ದದ್ದು?"

"ಬ್ಯಾಳೀನಽ ಇರಬೇಕ ಅಂತ ಮಂದಿ ಅಂದ್ರು."

"ಲೇ, ಈಗರ ಎರಡೂ ಕಣ್ಣಿಲೆ ನೋಡೇನಿ ಅಂತ ಒದರಿದ್ಯಲ್ಲೋ! ಮೂರು ಸಲ ಖರೇ ಅಂದಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಮಲ್ಲೇಶಿ ತಿರುಗಿ, ನಿಜವಾಗಿಯೂ ನೊಂದವನಂತೆ, "ಅದು ಕಾಜಿನ ಮ್ಯಾಲ ಅಂದಿದ್ದಲ್ಲೋ!" ಎಂದ.

ಪಡಸಾಲೆ ಹಾರಿಹೋಗುವಂತೆ ಜನ ನಕ್ಕರು. ಮೈಸೂರು ಕಡೆಯ ಸಾಹೇಬರೂ ಗೋಡೆಯ ಕಡೆ ತಿರುಗಿ ಕೆಮ್ಮಿದರು. "ಆತು, ಮುಗೀತು, ನಡೀರಿ, ಹೋಗೂಣು" ಎಂದು ಅಜ್ಜ ಕೋಲೆತ್ತಿದರು. ಪದ್ಧತಿಯ ಪ್ರಕಾರ ಅದು ಸರಿ. ಆರೋಪಿಸಿದವ ಮುಟ್ಟದಿದ್ದರೆ ಆರೋಪ ಬಿದ್ದುಹೋಯಿತು, ಇನ್ನೊಬ್ಬರು ಮುಟ್ಟುವ ಅವಶ್ಯಕತೆಯಿಲ್ಲ.

"ಮುಗೀಲಿಲ್ಲಜ್ಜಾ" ಎಂದಳು ಗಂಗವ್ವ. ಅವಳೊಬ್ಬಳೇ ನಕ್ಕಿರಲಿಲ್ಲ. "ಆಂವಂದು ಮುಗೀತು. ನಂದು ಎಲ್ಲಿ ಮುಗೀತು?"

ಬಗ್ಗಿ, ಬಲಗೈಯನ್ನು ಕಲ್ಲಿನ ಮೇಲೆ ಇಟ್ಟಳು. ದಿನಾ ಒಲೆಯ ಮುಂದೆ ನಿಂತ ಕೈ, ಮಣಿಕಟ್ಟಿನಲ್ಲಿ ಸುಟ್ಟ ಗುರುತುಗಳು. ಜನರ ನಗೆ ತಾನಾಗಿ ಇಳಿಯಿತು.

"ಆ ಕೂಸುಗಳ ಬ್ಯಾಳಿ ಒಂದ ಕಾಳ ನಾ ಮನೀಗೆ ಒಯ್ದಿಲ್ಲ. ಒಂದ ಕಾಳ." ಕೈ ತೆಗೆಯಲಿಲ್ಲ. "ಸೆರಗಿನ್ಯಾಗ ಗಂಟ ಇದ್ದದ್ದು ಖರೇ. ಬೋಗಣಿ ತಳಕ್ಕ ಹತ್ತಿ ಸೀದ ಅನ್ನ. ಮಕ್ಕಳು ತಿನ್ನಂಗಿಲ್ಲ, ಚೆಲ್ಲೂದ. ನಮ್ಮ ಕೋಳೀಗೆ ಒಯ್ದೇನಿ. ಯಾರನ್ನೂ ಕೇಳಿಲ್ಲ. ಅಷ್ಟೂ ಹೇಳೇನಿ, ಇನ್ನೇನೂ ಉಳದಿಲ್ಲ."

ಅವಳಿಗೆ ಅದನ್ನು ಹೇಳುವ ಅಗತ್ಯವೇ ಇರಲಿಲ್ಲ. ಗೆದ್ದಾಗಿತ್ತು. ಸೀದ ಅನ್ನದ ವಿಷಯ ಯಾರೂ ಕೇಳಿರಲಿಲ್ಲ. ಆದರೆ ಕೈ ಕಲ್ಲಿನ ಮೇಲಿತ್ತು. ಅರ್ಧ ತೂಕದ ಮಾತನ್ನು ಅದರ ಮೇಲೆ ಇಡಲು ಅವಳಿಂದ ಆಗಲಿಲ್ಲ.

ಮೊದಲು ಬಾಯಿ ಬಿಟ್ಟವನು ಮಲ್ಲೇಶಿ. "ಕೋಳೀಗೇನು?"

"ಕೋಳೀಗೆ."

"ಹಂಗಾರ ಮೊದಲಽ ಹೇಳಬೇಕಿಲ್ಲೇನಬೇ?"

"ನೀ ಮೊದಲಽ ಕೇಳಬೇಕಿಲ್ಲೇನೋ?"

ಅಜ್ಜ ಇಬ್ಬರಿಗೂ ಕೋಲು ತೋರಿಸಿದರು. ನಾನು ಒಳಗಿನಿಂದ ಬೆಲ್ಲ, ನೀರು ತಂದೆ. ಉಳಿದ ಭಜಿಯನ್ನು ಸಾಹೇಬರು ತಾವೇ ಎತ್ತಿ ಹಂಚಿದರು, ಕೈಗೆ ಗವಸು ಹಾಕಿಕೊಳ್ಳದೆ. ಮರುದಿನ ಸಮಿತಿ ಕೂಡಿತು, ಅಜ್ಜ ಎದ್ದು ನಿಂತು, "ಕಲ್ಲಿನ ಮ್ಯಾಲ ಹೇಳ್ಯಾಳ್ರಿ" ಎಂದರಂತೆ, ಸಮಿತಿಯವರು ಮುಂದಿನ ವಿಷಯಕ್ಕೆ ಹೋದರಂತೆ. ಗಂಗವ್ವ ಈಗಲೂ ಅದೇ ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ. ಸೀದ ಅನ್ನವನ್ನು ಕೋಳಿಗೆ ಒಯ್ಯಬಹುದೆಂದು ಸಮಿತಿ ಅಧಿಕೃತವಾಗಿ ಒಪ್ಪಿಗೆ ಕೊಟ್ಟಿದೆ. ಆ ಓಣಿಯ ಕೋಳಿಗಳು ಈಗ ಸರಕಾರದ ಗಮನಕ್ಕೆ ಬಂದ ಕೋಳಿಗಳು.

ಹೊಸ ಮಾರ್ಗದರ್ಶಿಯವರೇ, ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ದೊಡ್ಡ ದೊಡ್ಡ ಊರುಗಳಲ್ಲಿ ಬಂಗಾರದ ಸಿಂಹಾಸನಗಳಿವೆಯಂತೆ, ಜನ ಹಗ್ಗದ ಈಚೆ ನಿಂತು ಫೋಟೋ ತೆಗೆದುಕೊಂಡು ಹೋಗುತ್ತಾರಂತೆ. ನಮ್ಮಲ್ಲಿರುವುದು ಒಂದು ಕರಿಯ ಕಲ್ಲು. ಅದರ ಎದುರು ಊರಿನ ಮಾತು ತನ್ನ ತೂಕ ತಾನೇ ನೋಡಿಕೊಳ್ಳುತ್ತದೆ. ಅದನ್ನು ಕಾದವನು ನಾನು, ಈಗ ನೀವು. ಇದಕ್ಕಿಂತ ದೊಡ್ಡ ನೌಕರಿ ಧಾರವಾಡ ಜಿಲ್ಲೆಯಲ್ಲಿ ಖಾಲಿಯಿದ್ದರೆ ನನಗೆ ತಿಳಿಸಿ.

ಪೆಟ್ಟಿಗೆಯ ವಿಷಯ ನೀವು ಕೇಳಿದಿರಿ, ಕಲ್ಲು ಹೊರಗೇಕಿದೆ, ಗಾಜು ಗೋಡೆಗೇಕಿದೆ ಎಂದು. ಟೆಂಪೋ ಹೋದ ಮೇಲೆ ನಾನು ಮುಚ್ಚಳದ ಒಂದು ಬದಿ ಹಿಡಿದು, "ಮುಚ್ಚೂಣೇನ್ರಿ ಸಾಹೇಬ್ರ?" ಎಂದೆ. ಸಾಹೇಬರು ಬಗ್ಗಿ ನೋಡಿದರು. ಗಂಗವ್ವನ ತೊಳೆದ ಕೈಯ ಒದ್ದೆ ಗುರುತು ಕಲ್ಲಿನ ಮೇಲೆ ಐದೂ ಬೆರಳು ಬಿಡಿಸಿಕೊಂಡು ಇನ್ನೂ ಹಾಗೆಯೇ ಇತ್ತು.

"ಈಗ ಬೇಡ" ಎಂದರು. "ತೇವ ಇದೆ. ಪೂರ್ತಿ ಒಣಗಿದ ಮೇಲೆ ಮುಚ್ಚಿ."

ಹೋಗುವಾಗ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಪ್ರತಿ ತಪಾಸಣೆಗೆ ಬಂದಾಗಲೂ ಅವರು ಕೇಳುತ್ತಿದ್ದರು, "ಕಲ್ಲು ಒಣಗಿತೇ?" ನಾನು ಮುಟ್ಟಿ ನೋಡಿ, "ಇನ್ನೂ ಹಸಿ ಐತ್ರಿ" ಎನ್ನುತ್ತಿದ್ದೆ. ಅವರು ಹಾಗೆಯೇ ಬರೆದುಕೊಂಡು ಹೋಗುತ್ತಿದ್ದರು.